ನಿಂತ ವಿಮಾನಕ್ಕೆ ವಾಹನ ತಾಗಿದರೆ ಆಗುವುದೇನು?

ರಸ್ತೆಯಲ್ಲಿ ಟೆಂಪೊವೊಂದು ಕಾರಿಗೆ ತಾಗಿದರೆ ಗ್ಯಾರೇಜಿನಲ್ಲಿ ತಗ್ಗು ತೆಗೆಸಿ ಬಣ್ಣ ಬಳಿಸಿದರೆ ಮುಗಿಯಿತು. ಅದೇ ಟೆಂಪೊ ವಿಮಾನಕ್ಕೆ ತಾಗಿದರೆ ಲೆಕ್ಕ ಬೇರೆ.

2025ರ ಏಪ್ರಿಲ್ 18ರಂದು ಮಧ್ಯಾಹ್ನ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ನಡೆದದ್ದು ಇದೇ. ಹಾರಾಟ ನಿಲ್ಲಿಸಿ ನಿಂತಿದ್ದ ಇಂಡಿಗೊ ವಿಮಾನದ ಮೂತಿಯ ಕೆಳಗೆ ನೆಲಸೇವಾ ಸಂಸ್ಥೆಯೊಂದರ ಟೆಂಪೊ ಟ್ರಾವೆಲರ್ ನುಗ್ಗಿತು. ವಾಹನದ ಚಾವಣಿ ಜಜ್ಜಿಹೋಯಿತು. ವಿಮಾನದಲ್ಲಿ ಪ್ರಯಾಣಿಕರಿರಲಿಲ್ಲವಾದ್ದರಿಂದ ದೊಡ್ಡ ಅನಾಹುತ ತಪ್ಪಿತು.

ಇಂತಹ ಘಟನೆ ಇದೇ ಮೊದಲಲ್ಲ. 2015ರ ಡಿಸೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಜೆಟ್ ಏರ್‌ವೇಸ್‌ನ ಬಸ್ಸೊಂದು ನಿಂತಿದ್ದ ಏರ್ ಇಂಡಿಯಾ ಸಮೂಹದ ಎಟಿಆರ್ ವಿಮಾನಕ್ಕೆ ಅಪ್ಪಳಿಸಿತ್ತು. 2022ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಗೋ ಫಸ್ಟ್ ಸಂಸ್ಥೆಯ ಕಾರೊಂದು ಪಟ್ನಾಕ್ಕೆ ಹೊರಡಬೇಕಿದ್ದ ಇಂಡಿಗೊ ವಿಮಾನದ ಮೂತಿಯಡಿ ಹೋಗಿ, ಮುಂದಿನ ಚಕ್ರಕ್ಕೆ ಕೂದಲೆಳೆಯ ಅಂತರದಲ್ಲಿ ನಿಂತಿತ್ತು.

ತೆಳು ಹೊದಿಕೆ, ಭಾರೀ ಒತ್ತಡ

ವಿಮಾನದ ಮೈಯನ್ನು ಹೊದಿಸಿರುವ ಅಲ್ಯೂಮಿನಿಯಂ ತಗಡು ಹಲವೆಡೆ ಕೆಲವೇ ಮಿಲಿಮೀಟರ್ ದಪ್ಪ. ಎತ್ತರದಲ್ಲಿ ಹೊರಗಿನ ಗಾಳಿ ವಿರಳವಾಗಿರುತ್ತದೆ. ಪ್ರಯಾಣಿಕರು ಉಸಿರಾಡಲೆಂದು ಒಳಗೆ ಒತ್ತಡ ಕಾಯ್ದುಕೊಳ್ಳಲಾಗುತ್ತದೆ. ಈ ವ್ಯತ್ಯಾಸದಿಂದ ಮೈ ಬಲೂನಿನಂತೆ ಹೊರಕ್ಕೆ ಉಬ್ಬಲು ಯತ್ನಿಸುತ್ತದೆ. ನೆಲದಲ್ಲಿ ಆದ ಗೀರು ಅಲ್ಲಿ ಬಿರುಕಾಗಿ ಬಾಯ್ದೆರೆಯಬಹುದು.

2005ರ ಡಿಸೆಂಬರ್ 26ರಂದು ಅಮೆರಿಕದ ಸಿಯಾಟಲ್‌ನಲ್ಲಿ ಹೀಗೆಯೇ ಆಯಿತು. ಸಾಮಾನು ಸಾಗಿಸುವ ವಾಹನವೊಂದು ಅಲಾಸ್ಕಾ ಏರ್‌ಲೈನ್ಸ್ ವಿಮಾನಕ್ಕೆ ತಾಗಿತು. ನೌಕರ ಯಾರಿಗೂ ತಿಳಿಸಲಿಲ್ಲ. ವಿಮಾನ ಸುಮಾರು 26,000 ಅಡಿ ಏರಿದಾಗ ಮೈಯಲ್ಲಿ ಒಂದಡಿ ಉದ್ದ, ಅರ್ಧ ಅಡಿ ಅಗಲದ ರಂಧ್ರ ಬಿದ್ದು ಒಳಗಿನ ಒತ್ತಡ ಕುಸಿಯಿತು. ಪೈಲಟ್‌ಗಳು ಮರಳಿ ಸುರಕ್ಷಿತವಾಗಿ ಇಳಿಸಿದರು. ತಾಗಿಸಿದ್ದು ನಿಜವೆಂದು ನೌಕರ ಒಪ್ಪಿಕೊಂಡದ್ದು ಆಮೇಲೆ.

ಬೋಯಿಂಗ್ 787ರಂತಹ ವಿಮಾನಗಳ ತೂಕದ ಅರ್ಧದಷ್ಟು ಇಂಗಾಲ ನಾರಿನಂತಹ ಸಂಯುಕ್ತ ವಸ್ತುಗಳದು. ಇವುಗಳಲ್ಲಿ ಪೆಟ್ಟಿನ ಗುರುತು ಹೊರಗೆ ಕಾಣದೆಯೇ ಒಳಪದರಗಳು ಬಿಟ್ಟುಕೊಳ್ಳಬಹುದು. ಕಣ್ಣಳತೆ ಸಾಲದು, ಉಪಕರಣಗಳಿಂದ ಪರೀಕ್ಷಿಸಬೇಕು.

ನಿಯಮಗಳೇನು?

ವಿಮಾನ ನಿಲ್ಲುವ ಅಂಗಳದಲ್ಲಿ ವಾಹನ ಓಡಿಸಲು ಸಾಮಾನ್ಯ ಲೈಸೆನ್ಸ್ ಸಾಲದು. ಪ್ರತ್ಯೇಕ ಪರವಾನಗಿ ಬೇಕು. ಎಂಜಿನ್ ನಿಂತು, ಕೆಂಪು ಮಿಣುಕು ದೀಪ ಆರಿ, ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟ ಬಳಿಕವೇ ವಾಹನಗಳು ಹತ್ತಿರ ಬರಬೇಕು. ರೆಕ್ಕೆಯ ತುದಿ, ಎಂಜಿನ್‌ಗಳ ಸುತ್ತ ಶಂಕುಗಳನ್ನು ಇಡಲಾಗುತ್ತದೆ. ಸಮೀಪಿಸುವ ಮುನ್ನ ಚಾಲಕ ನಿಲ್ಲಿಸಿ ಬ್ರೇಕ್ ಪರೀಕ್ಷಿಸಿಕೊಳ್ಳಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2019ರಲ್ಲಿ ಮದ್ಯಪಾನ ತಪಾಸಣೆಯನ್ನು ಈ ಚಾಲಕರಿಗೂ ವಿಸ್ತರಿಸಿತು. ಆದರೆ ಪಾಳಿಯ ದಣಿವು, ನಿದ್ದೆಗೇಡು, ವಿಮಾನವನ್ನು ಬೇಗ ಹೊರಡಿಸುವ ಅವಸರವನ್ನು ಆ ಯಂತ್ರ ಅಳೆಯದು.

ನೆಲದ ಮೇಲಿನ ಹಾನಿಯ ವಾರ್ಷಿಕ ವೆಚ್ಚ 2035ರ ವೇಳೆಗೆ ದುಪ್ಪಟ್ಟಾಗಿ ಸುಮಾರು 1,000 ಕೋಟಿ ಡಾಲರ್ ಮುಟ್ಟಬಹುದೆಂದು ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ 2022ರಲ್ಲಿ ಅಂದಾಜಿಸಿತು. ಡಿಕ್ಕಿ ತಪ್ಪಿಸುವ ಸಂವೇದಕಗಳನ್ನು ವಾಹನಗಳಿಗೆ ಅಳವಡಿಸಬೇಕೆಂಬುದು ಅದರ ಸಲಹೆ.

2019ರ ನವೆಂಬರ್‌ನಲ್ಲಿ ಕಲಬುರಗಿ, 2020ರ ಫೆಬ್ರುವರಿಯಲ್ಲಿ ಬೀದರ್ ವಿಮಾನ ನಿಲ್ದಾಣಗಳು ಪ್ರಯಾಣಿಕರಿಗೆ ತೆರೆದ ಮೇಲೆ ಹುಮನಾಬಾದ್, ಬಸವಕಲ್ಯಾಣ, ಕೊಹಿನೂರದ ಜನರಿಗೂ ವಿಮಾನ ದೂರದ ಮಾತಾಗಿ ಉಳಿದಿಲ್ಲ. ಅವರ ಸುರಕ್ಷತೆ ಪೈಲಟ್‌ನೊಬ್ಬನ ಕೈಯಲ್ಲಷ್ಟೇ ಇಲ್ಲ. ಟ್ರ್ಯಾಕ್ಟರ್ ಚಾಲಕನ ಎಚ್ಚರದಲ್ಲೂ ಇದೆ. ತಾಗಿತೆಂದು ಕೂಡಲೇ ಹೇಳಿದ ನೌಕರನಿಗೆ ಕೆಲಸ ಹೋಗುವ ಭಯವಿದ್ದರೆ ಆತ ಬಾಯಿ ಬಿಡಲಾರ. ಹೇಳಿದವನನ್ನು ಕಾಯುವ ವ್ಯವಸ್ಥೆ ಇದ್ದಲ್ಲಿ ಮಾತ್ರ ಗೀರು ನೆಲದಲ್ಲೇ ಪತ್ತೆಯಾಗುತ್ತದೆ.