ಬಣ್ಣ ಮೊದಲೋ, ಸ್ಪ್ರಿಂಗು ಮೊದಲೋ?

ಮನೆಗೆ ಹೊಸ ಎತ್ತನ್ನು ತರಲು ಹೊರಟ ರೈತನು ಮೊದಲು ಅದರ ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಯಿಸಿ ನೋಡುತ್ತಾನೆ. ಮೈಬಣ್ಣದ ಮಾತು ಆಮೇಲಿನದು. ಅಮೃತಮಹಲ್ ಕಾವಲುಗಳಿಗೆ ಹೆಸರಾದ ಚಳ್ಳಕೆರೆಯ ಸೀಮೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ಅದೇ ರೈತನು ಮೋಟಾರ್ ಸೈಕಲ್ಲನ್ನು ಕೊಳ್ಳಲು ಅಂಗಡಿಯ ಮೆಟ್ಟಿಲು ಹತ್ತಿದನೆಂದರೆ, ಈ ವಿವೇಕವನ್ನು ಚಪ್ಪಲಿಯೊಡನೆ ಹೊರಗೇ ಬಿಟ್ಟು ಹೋಗುವುದುಂಟು. ಅಲ್ಲಿ ಮೊದಲನೆಯ ಪ್ರಶ್ನೆಯೂ ಬಣ್ಣದ್ದು, ಕಡೆಯ ಪ್ರಶ್ನೆಯೂ ಬಣ್ಣದ್ದೇ. ಪರರನ್ನು ಹಾಸ್ಯಮಾಡುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ; ನಾವೂ ಹಾಗೆ ಮಾಡಿದವರೇ.

ತಳಕಿನಲ್ಲಿರುವ ನಮ್ಮ ಮನೆಗೆ ಕೆಲವು ವರ್ಷಗಳ ಹಿಂದೆ ಬಂದ ಗಾಡಿಯನ್ನು ನಾವು ಆರಿಸಿದ್ದು ಅದರ ಮಿರಮಿರ ಮಿಂಚುವ ಕಪ್ಪಿಗೆ ಮರುಳಾಗಿ. ನಾಯಕನಹಟ್ಟಿಯ ತಿಪ್ಪೇಸ್ವಾಮಿಯ ಜಾತ್ರೆಗೆಂದು ವೃದ್ಧರಾದ ನಮ್ಮ ತಾಯಿಯವರನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದೆವು. ದಾರಿಯಲ್ಲಿ ಧೂಳು ತುಂಬಿದ್ದ ಒಂದು ಗುಂಡಿ ಕಣ್ಣಿಗೆ ಬೀಳಲಿಲ್ಲ. ಹಿಂದಿನ ಸ್ಪ್ರಿಂಗು ಪೂರ್ತಿ ಕುಗ್ಗಿ ತಳಕ್ಕೆ ಬಡಿಯಿತು. ಆ ಪೆಟ್ಟು ತಾಯಿಯವರ ಸೊಂಟಕ್ಕೆ ತಗುಲಿ ಎರಡು ತಿಂಗಳು ಅವರು ಮಂಚ ಬಿಟ್ಟು ಏಳಲಿಲ್ಲ. ಆಮೇಲೆ ಗಾಡಿಯನ್ನು ನೋಡಿದ ಮೇಸ್ತ್ರಿಯು, “ಸ್ಪ್ರಿಂಗಿನ ಬಳೆ ಮೊದಲನೇ ಮೆಟ್ಟಿಲಲ್ಲೇ ಐತಲ್ಲ ಸ್ವಾಮಿ! ಇದು ಒಬ್ಬರೇ ಹೋಗೋವಾಗಿಂದು” ಎಂದನು. ಅಂತಹ ಬಳೆಯೊಂದು ಇದೆಯೆಂಬುದೇ ನಮಗೆ ತಿಳಿದಿರಲಿಲ್ಲ. ತಪ್ಪು ಗಾಡಿಯದಲ್ಲ, ನಮ್ಮದು. ಈ ವರ್ಷ ಹೊಸ ಗಾಡಿಗೆ ಮುಂಗಡ ಕೊಡುವ ಮುನ್ನ ಕಲಿತುಕೊಂಡುದನ್ನು ಇತರ ಗೃಹಸ್ಥರಿಗೂ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೋಟಾರ್ ಸೈಕಲ್ಲಿನ ಹಿಂಚಕ್ರಕ್ಕೆ ಸ್ಪ್ರಿಂಗು ಮೊದಲಿನಿಂದಲೂ ಇದ್ದುದಲ್ಲ. ಬಹುಕಾಲ ಹೆಚ್ಚಿನ ಗಾಡಿಗಳಲ್ಲಿ ಹಿಂಚಕ್ರವನ್ನು ಚೌಕಟ್ಟಿಗೇ ಬಿಗಿದಿರುತ್ತಿದ್ದರು. ಕುಲುಕನ್ನೆಲ್ಲ ಆಸನದ ಕೆಳಗಿನ ಸ್ಪ್ರಿಂಗೇ ತಡೆಯಬೇಕಾಗಿತ್ತು. ಮೇಲಕ್ಕೂ ಕೆಳಕ್ಕೂ ಆಡುವ ತೋಳಿಗೆ ಹಿಂಚಕ್ರವನ್ನು ಜೋಡಿಸುವ ಪದ್ಧತಿಯು ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಹಬ್ಬಿತು. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ ಗಾಡಿಗಳಿಗೂ ಇಂತಹ ತೋಳು, ಅದರ ಎರಡು ಪಕ್ಕಗಳಲ್ಲಿ ಒಂದೊಂದು ಶಾಕ್ ಅಬ್ಸಾರ್ಬರು ಇದ್ದವು. 1996ರಲ್ಲಿ ಆ ಕಾರ್ಖಾನೆ ನಿಂತುಹೋಯಿತು. ಹಿರಿಯರು ಜಾವಾ ಎಂದೊಡನೆ ಅದರ ಕೆಂಗಂದು ಬಣ್ಣವನ್ನೇ ನೆನೆಯುತ್ತಾರೆ. ಆದರೆ ಅದರ ಮೇಲೆ ಕುಳಿತವರ ಬೆನ್ನನ್ನು ಕಾಪಾಡಿದ್ದು ಬಣ್ಣವಲ್ಲ, ಆ ಜೋಡಿ ಸ್ಪ್ರಿಂಗು.

ಶಾಕ್ ಅಬ್ಸಾರ್ಬರಿನಲ್ಲಿ ಎರಡು ಅಂಗಗಳುಂಟು. ಸ್ಪ್ರಿಂಗು ಭಾರವನ್ನು ಹೊರುತ್ತದೆ. ಒಳಗಿನ ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ಹಾಯುತ್ತ ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ. ಎಣ್ಣೆ ಸೋರಿಹೋದ ಗಾಡಿಯು ಒಂದು ಗುಂಡಿಗೆ ನಾಲ್ಕು ಬಾರಿ ಕುಣಿಯುವುದು ಇದರಿಂದಲೇ. ಮೇಸ್ತ್ರಿಯು ಹೇಳಿದ ಮೆಟ್ಟಿಲು ಬಳೆಯನ್ನು ತಿರುಗಿಸಿದರೆ ಸ್ಪ್ರಿಂಗು ಗಟ್ಟಿಯಾಗುವುದೆಂದು ಬಹುಮಂದಿ ತಿಳಿದಿದ್ದಾರೆ. ಅದು ಸರಿಯಲ್ಲ. ಸ್ಪ್ರಿಂಗಿನ ಗಟ್ಟಿತನವು ಮೊದಲಿದ್ದಂತೆಯೇ ಇರುತ್ತದೆ. ಭಾರ ಬಿದ್ದಾಗ ಗಾಡಿಯು ಕುಸಿಯುವ ಪ್ರಮಾಣ ಮಾತ್ರ ತಗ್ಗುತ್ತದೆ. ಹೀಗೆ ಗುಂಡಿ ಬಂದಾಗ ಕುಗ್ಗುವುದಕ್ಕೆ ಜಾಗ ಉಳಿಯುತ್ತದೆ. ಜೋಡಿ ಶಾಕ್ ಅಬ್ಸಾರ್ಬರುಗಳಿದ್ದಲ್ಲಿ ಎರಡೂ ಬಳೆಗಳು ಒಂದೇ ಮೆಟ್ಟಿಲಿನಲ್ಲಿರತಕ್ಕದ್ದು.

ಈಗ ಅಂಗಡಿಯವರು ಮುಂದಿಡುವ ಆಯ್ಕೆಗಳನ್ನು ನೋಡೋಣ. ಹಿಂದುಗಡೆ ಜೋಡಿ ಶಾಕ್ ಅಬ್ಸಾರ್ಬರು, ಇಲ್ಲವೆ ಮಧ್ಯದಲ್ಲಿ ಒಂದೇ ಒಂದು, ಅಂದರೆ ಮೋನೋಶಾಕ್. ವೇಗವಾಗಿ ಹೋಗುವಾಗ, ತಿರುವುಗಳಲ್ಲಿ ಮೋನೋಶಾಕ್ ಗಾಡಿಯನ್ನು ಹದ್ದಿನಲ್ಲಿಡುವುದೆಂಬ ಮಾತು ನಿಜವೇ. ಆದರೆ ಅದು ಕೆಟ್ಟರೆ ಬೆಲೆ ಹೆಚ್ಚು. ಕೆಲವು ಗಾಡಿಗಳಲ್ಲಿ ಅದರ ಬಳೆಗೆ ಕೈ ಎಟುಕುವುದೇ ಕಷ್ಟ. ಅದನ್ನು ಅಳವಡಿಸಿದ ಅನೇಕ ಗಾಡಿಗಳಲ್ಲಿ ಹಿಂದಿನ ಆಸನವು ಎತ್ತರವಾಗಿಯೂ ಕಿರಿದಾಗಿಯೂ ಇರುತ್ತದೆ. ಸೀರೆಯುಟ್ಟ ಹೆಂಗಸರಿಗೂ ಮುದುಕರಿಗೂ ಅದು ಒಗ್ಗುವುದಿಲ್ಲ. ಜೋಡಿಯಾದರೋ ಕೈಗೆಟುಕುವಂತಿದ್ದು, ಊರಿನ ಮೇಸ್ತ್ರಿಗೆ ಪರಿಚಿತವಾದುದು. ಇನ್ನು ಮುಂದಿನ ಫೋರ್ಕಿನಲ್ಲಿ ಸಾಧಾರಣದ್ದು ಒಂದು, ತಲೆಕೆಳಗಾಗಿ ಜೋಡಿಸಿದ್ದು ಇನ್ನೊಂದು. ಎರಡನೆಯದು ಬಲವಾದದ್ದಾದರೂ, ಅದರ ಹೊಳೆಯುವ ಕೊಳವೆಯು ಕೆಳಗೆ ಚಕ್ರದ ಪಕ್ಕದಲ್ಲೇ ಇದ್ದು ಕಲ್ಲು ಕೆಸರುಗಳಿಗೆ ಗುರಿಯಾಗುತ್ತದೆ. ಕೊಳವೆಗೆ ಗೀರು ಬಿದ್ದರೆ ಸೀಲು ಹರಿದು ಎಣ್ಣೆ ಸೋರುವುದು. ಯಾವ ಫೋರ್ಕೇ ಆಗಲಿ, ಕೆಮ್ಮಣ್ಣು, ಎರೆಮಣ್ಣು ಎರಡೂ ಇರುವ ನಮ್ಮ ಸೀಮೆಯಲ್ಲಿ ಕೊಳವೆಯನ್ನು ವಾರಕ್ಕೊಮ್ಮೆ ಒದ್ದೆಬಟ್ಟೆಯಿಂದ ಒರೆಸುವುದು ಲೇಸು.

ಆದಕಾರಣ ಅಂಗಡಿಗೆ ಒಬ್ಬರೇ ಹೋಗಕೂಡದು. ಹಿಂದೆ ಕೂರತಕ್ಕವರನ್ನೂ ಕರೆದೊಯ್ಯಬೇಕು. ಹಿಂಚಕ್ರವು ನೆಲ ಬಿಟ್ಟು ಮೇಲಿರುವಂತೆ ಗಾಡಿಯನ್ನು ನಿಲ್ಲಿಸಿ, ಹಿಂಚಕ್ರದ ಅಚ್ಚಿನಿಂದ ಮೇಲಿನ ಒಂದು ಗುರುತಿನವರೆಗೆ ಟೇಪಿನಿಂದ ಅಳೆಯಿರಿ. ಆಮೇಲೆ ಗಾಡಿಯನ್ನು ನೆಲಕ್ಕಿಳಿಸಿ ನೆಟ್ಟಗೆ ಹಿಡಿಸಿ, ಇಬ್ಬರೂ ಕುಳಿತು ಮತ್ತೆ ಅಳೆಯಿಸಿರಿ. ವ್ಯತ್ಯಾಸವು ಆ ಚಕ್ರದ ಒಟ್ಟು ಆಟದಲ್ಲಿ ಮೂರನೆಯ ಒಂದು ಪಾಲಿನ ಸುತ್ತಮುತ್ತ ಇದ್ದರೆ ಒಳ್ಳೆಯದು. ಬಹಳ ಹೆಚ್ಚಾಗಿದ್ದರೆ ಬಳೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ನೋಡಬೇಕು. ಕಡೆಯ ಮೆಟ್ಟಿಲಿನಲ್ಲಿಯೂ ಸಾಲದೆ ಹೋದರೆ ಆ ಗಾಡಿ ತಮ್ಮ ಸಂಸಾರಕ್ಕೆ ತಕ್ಕುದಲ್ಲ, ಬಣ್ಣವೆಷ್ಟೇ ಚೆಂದವಾಗಿರಲಿ. ಹಿಂದೆ ಕೂರುವವರಿಗೆ ಕೈಹಿಡಿ, ಪಾದ ಊರುವ ಜಾಗ, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಅಡ್ಡಲಾಗಿರುವ ತಡೆ, ಈ ಮೂರನ್ನೂ ಕೇಂದ್ರ ಸರ್ಕಾರದ ಮೋಟಾರು ವಾಹನ ನಿಯಮಗಳೇ ವಿಧಿಸಿವೆ. ಅಂದಗೆಡುತ್ತದೆಂದು ಅವನ್ನು ಕಳಚಿಸಕೂಡದು.

ಇಷ್ಟಾದ ಮೇಲೆ ಬಣ್ಣ. ಕಪ್ಪು ಗಾಡಿಯು ವೈಶಾಖದ ಬಿಸಿಲಿನಲ್ಲಿ ಕಾಯುವಷ್ಟು ತಿಳಿಬಣ್ಣದ್ದು ಕಾಯದು. ನುಣುಪಾದ ಕಪ್ಪಿನ ಮೇಲೆ ಧೂಳೂ ಗೀರೂ ಎದ್ದು ಕಾಣುತ್ತವೆ. ಒಣಬಟ್ಟೆಯಿಂದ ಧೂಳನ್ನು ಉಜ್ಜಿದರೆ ಗೀರುಗಳು ಇನ್ನೂ ಹೆಚ್ಚುವುವು, ಮೊದಲು ನೀರು ಹೊಯ್ಯಬೇಕು. ಹೊಳಪಿಲ್ಲದ ಮ್ಯಾಟ್ ಬಣ್ಣವು ಗಂಭೀರವಾಗಿ ಕಾಣುವುದಾದರೂ, ಅದಕ್ಕೆ ಬಿದ್ದ ಗೀರನ್ನು ಪಾಲಿಷ್ ಹಾಕಿ ತಿದ್ದುವಂತಿಲ್ಲ. ಮುಂದೆ ಬಣ್ಣವನ್ನು ಬದಲಿಸಿದರಾಯಿತೆಂದೂ ಎಣಿಸಬಾರದು. ನೋಂದಣಿ ಪತ್ರದಲ್ಲಿ ಬಣ್ಣವೂ ದಾಖಲಾಗಿರುವುದರಿಂದ ಸಾರಿಗೆ ಕಚೇರಿಗೆ ತಿಳಿಸಿ ತಿದ್ದಿಸಬೇಕಾಗುತ್ತದೆ.

ಎದ್ದು ಕಾಣುವ ಬಣ್ಣದ ಗಾಡಿಯಾದರೆ ಅಪಘಾತ ಕಡಿಮೆಯಲ್ಲವೆ ಎಂದು ವಾಚಕರು ಕೇಳಬಹುದು. ನ್ಯೂಜಿಲೆಂಡಿನ ಆಕ್ಲೆಂಡ್ ಪ್ರಾಂತದಲ್ಲಿ ಇದನ್ನೇ ಪರೀಕ್ಷಿಸಿದರು. ಫಲಿತಾಂಶವು 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಗಾಡಿಯ ಮುಂಭಾಗದ ಬಣ್ಣಕ್ಕೂ ಅಪಾಯಕ್ಕೂ ಸಂಬಂಧ ಕಂಡುಬರಲಿಲ್ಲ. ಆದರೆ ಬಿಳಿಯ ಹೆಲ್ಮೆಟ್ ಧರಿಸಿದ್ದವರಿಗೆ ಕರಿಯ ಹೆಲ್ಮೆಟ್ಟಿನವರಿಗಿಂತ ಅಪಘಾತದ ಗಾಯದ ಅಪಾಯವು ಶೇಕಡಾ 24ರಷ್ಟು ಕಡಿಮೆಯಾಗಿತ್ತು. ಬೆಳಕನ್ನು ಪ್ರತಿಫಲಿಸುವ ಇಲ್ಲವೆ ಝಗಝಗಿಸುವ ಬಟ್ಟೆ ತೊಟ್ಟವರಿಗೆ ಶೇಕಡಾ 37ರಷ್ಟು ಕಡಿಮೆ. ಬಳ್ಳಾರಿ–ಚಳ್ಳಕೆರೆಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸಂಜೆ ಮನೆಗೆ ಮರಳುವವರು ಇದನ್ನು ಮನನ ಮಾಡತಕ್ಕದ್ದು. ವಿಶೇಷ ಬಣ್ಣಕ್ಕೆಂದು ಕೊಡುವ ಹೆಚ್ಚಿನ ಹಣದಲ್ಲಿ, ಐ.ಎಸ್.ಐ. ಗುರುತಿನ ಎರಡು ಬಿಳಿಯ ಹೆಲ್ಮೆಟ್ಟುಗಳನ್ನು ಕೊಳ್ಳುವುದು ಮೇಲು. ಎರಡು ಏಕೆಂದರೆ ಹಿಂದೆ ಕೂರುವವರ ತಲೆಯೂ ತಲೆಯೇ; ಕಾನೂನೂ ಹಾಗೆಯೇ ಹೇಳುತ್ತದೆ.

ಮುಂಗಡ ಕೊಡುವಾಗ ಗಾಡಿಯ ಮಾದರಿ, ಬಣ್ಣದ ಹೆಸರು, ಶಾಕ್ ಅಬ್ಸಾರ್ಬರಿನ ಬಗೆ, ಕೊಡುವ ದಿನ ಇವನ್ನೆಲ್ಲ ರಸೀತಿಯಲ್ಲಿ ಬರೆಯಿಸಿಕೊಳ್ಳಬೇಕು. ಕೆಲವು ಬಣ್ಣಗಳು ಹೆಚ್ಚು ಬೆಲೆಯ ಮಾದರಿಯಲ್ಲಿ ಮಾತ್ರ ದೊರೆಯುವುದರಿಂದ, ನಮಗೆ ಬೇಡದ ಸಾಮಗ್ರಿಗೂ ಬಣ್ಣದ ಆಸೆಯಿಂದ ಹಣ ತೆರುವಂತಾಗಬಾರದು.

ನಮ್ಮ ಮನೆಯಲ್ಲಿ ಈ ಬಾರಿ ಮಗನು ಮ್ಯಾಟ್ ಕಪ್ಪಿನ ಚಿತ್ರವನ್ನು ಅಜ್ಜಿಗೆ ತೋರಿಸಿದನು. ಅವರು, “ನೋಡಕ್ಕೆ ಚೆಂದಾಗೈತೆ ಕಣಪ್ಪಾ, ನನ್ನ ಸೊಂಟಕ್ಕೆ ಯಾವ ಬಣ್ಣ ಹಚ್ತೀಯ?” ಎಂದರು. ಅವನು ಮರುಮಾತಾಡಲಿಲ್ಲ. ಅಜ್ಜಿಯನ್ನೂ ಕರೆದೊಯ್ದು, ಕೂರಿಸಿ, ಅಳೆದು, ಅಗಲವಾದ ಆಸನವೂ ಜೋಡಿ ಶಾಕ್ ಅಬ್ಸಾರ್ಬರೂ ಇರುವ ಗಾಡಿಯನ್ನು ಗೊತ್ತುಮಾಡಿದೆವು. ಅದರಲ್ಲಿ ದೊರೆಯುತ್ತಿದ್ದ ಬಣ್ಣಗಳ ಪೈಕಿ ನೀಲಿಯನ್ನು ಮಗನು ತಾನೇ ಆರಿಸಿದನು. ಆ ಹಕ್ಕನ್ನು ಅವನಿಂದ ಕಿತ್ತುಕೊಳ್ಳಲು ನಮಗೆ ಯಾವ ಕಾರಣವೂ ಇರಲಿಲ್ಲ. ಬಳೆ ತಿರುಗಿಸುವ ಸ್ಪ್ಯಾನರು ಈಗ ಬಾಗಿಲ ಪಕ್ಕದಲ್ಲಿ ಗಾಡಿಯ ಬೀಗದ ಕೈಯೊಡನೆ ಒಂದೇ ಮೊಳೆಗೆ ತೂಗಾಡುತ್ತಿದೆ.