ಲ್ಯಾಂಕಾಸ್ಟರಿನ ವ್ಯವಸ್ಥಾಶಾಸ್ತ್ರ ವಿಭಾಗ

ವಿಶ್ವವಿದ್ಯಾನಿಲಯದ ಒಂದು ವಿಭಾಗವು ತಾನು ಯಾವ ನಂಬಿಕೆಯ ಮೇಲೆ ನಿಂತಿತ್ತೋ ಆ ನಂಬಿಕೆಯನ್ನೇ ತನ್ನ ಕೆಲಸದಿಂದ ಸಡಿಲಿಸಿಕೊಂಡ ನಿದರ್ಶನಗಳು ವಿರಳ. ಇಂಗ್ಲೆಂಡಿನ ವಾಯವ್ಯ ಭಾಗದ ಲ್ಯಾಂಕಾಸ್ಟರಿನಲ್ಲಿ ಹಾಗೆ ನಡೆಯಿತು.

ಅಲ್ಲಿಯ ವಿಶ್ವವಿದ್ಯಾನಿಲಯ ಸ್ಥಾಪಿತವಾದುದು ೧೯೬೪ರಲ್ಲಿ. ಅದರ ಮೊದಲ ವರ್ಷಗಳಲ್ಲಿಯೇ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಎಂಬ ರಾಸಾಯನಿಕೋದ್ಯಮ ಸಂಸ್ಥೆಯ ಧನಸಹಾಯದಿಂದ ಸಿಸ್ಟಮ್ಸ್ ಇಂಜಿನಿಯರಿಂಗ್ ವಿಭಾಗ ಏರ್ಪಟ್ಟಿತು. ಪ್ರಥಮ ಪ್ರಾಧ್ಯಾಪಕರು ಗ್ವಿಲಿಮ್ ಜೆಂಕಿನ್ಸ್; ಜಾರ್ಜ್ ಬಾಕ್ಸ್ ಅವರೊಡನೆ ೧೯೭೦ರಲ್ಲಿ ಹೊರತಂದ ಕಾಲಶ್ರೇಣಿ ವಿಶ್ಲೇಷಣೆಯ ಗ್ರಂಥದಿಂದ ಸಂಖ್ಯಾಶಾಸ್ತ್ರಜ್ಞರಿಗೆಲ್ಲ ಪರಿಚಿತರಾದವರು. ಕಾರ್ಖಾನೆಯ ಒಂದೊಂದು ಯಂತ್ರವನ್ನು ಬಿಡಿಯಾಗಿ ಉತ್ತಮಪಡಿಸಿದ ಮಾತ್ರಕ್ಕೆ ಇಡೀ ಕಾರ್ಖಾನೆ ಉತ್ತಮವಾಗದು. ಮೊದಲು ಇಡಿಯ ಉದ್ದೇಶವನ್ನು ನಿಶ್ಚಯಿಸಿ, ಬಳಿಕ ಅಂಗಗಳನ್ನು ಅದಕ್ಕೆ ಹೊಂದಿಸಬೇಕು. ವಿಭಾಗದ ಮೂಲತತ್ತ್ವವಿದು. ಇದನ್ನು ಕಲಿಯಲು ಗಣಿತವೂ ಬೇಕು, ಅರ್ಥಶಾಸ್ತ್ರವೂ ಬೇಕು, ಯಂತ್ರವಿದ್ಯೆಯೂ ಬೇಕು.

ಅದೇ ರಾಸಾಯನಿಕ ಸಂಸ್ಥೆಯಲ್ಲಿ ಹದಿನೈದು ವರ್ಷ ದುಡಿದಿದ್ದ ಪೀಟರ್ ಚೆಕ್‌ಲೆಂಡ್ ಆ ದಶಕದ ಕೊನೆಗೆ ವಿಭಾಗವನ್ನು ಸೇರಿದರು. ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಕರೆದುಕೊಂಡು ಉದ್ಯಮಗಳೊಳಗೇ ಹೊಕ್ಕು ಸಮಸ್ಯೆಗಳನ್ನು ಬಿಡಿಸುವುದು ಅವರ ಕ್ರಮ. ಶಬ್ದವನ್ನು ಮೀರಿದ ವೇಗದಲ್ಲಿ ಹಾರುವ ಕಾಂಕಾರ್ಡ್ ವಿಮಾನದ ಯೋಜನೆಗೆ ಈ ಕ್ರಮವನ್ನು ಅನ್ವಯಿಸಹೊರಟಾಗ ತೊಡಕು ಎದುರಾಯಿತು. ನಿಗದಿಯಾದ ಗುಣಲಕ್ಷಣಗಳುಳ್ಳ ವಿಮಾನವನ್ನು ನಿಗದಿಯಾದ ಕಾಲದಲ್ಲಿ, ನಿಗದಿಯಾದ ವೆಚ್ಚದಲ್ಲಿ ನಿರ್ಮಿಸುವುದೇ ಉದ್ದೇಶವೆಂದು ಬಂದವರು ಭಾವಿಸಿದ್ದರು. ಆದರೆ ಆ ಯೋಜನೆಯೊಳಗೆ ೧೯೬೨ರ ಬ್ರಿಟನ್-ಫ್ರಾನ್ಸ್ ಒಪ್ಪಂದವಿತ್ತು, ರಾಜಕೀಯವಿತ್ತು, ರಾಷ್ಟ್ರದ ಪ್ರತಿಷ್ಠೆಯೂ ಇತ್ತು. ಯಾವುದನ್ನು ಉದ್ದೇಶವೆಂದು ಹಿಡಿಯುವುದು? ಉದ್ದೇಶವೇ ವಿವಾದಗ್ರಸ್ತವಾದರೆ ಮುಂದಿನ ಲೆಕ್ಕಾಚಾರವೆಲ್ಲ ಗಾಳಿಯಲ್ಲಿ ನಿಂತಂತೆ.

ಇಂಥ ಸೋಲುಗಳಿಂದ ಮೂಡಿದುದು ‘ಮೃದು ವ್ಯವಸ್ಥಾ ವಿಧಾನ’. ೧೯೭೨ರಿಂದ ಅದು ಲೇಖನರೂಪದಲ್ಲಿ ಹೊರಬಂದಿತು. ವ್ಯವಸ್ಥೆಯೆಂಬುದು ಹೊರಗೆ ಸಿದ್ಧವಾಗಿ ಬಿದ್ದಿರುವ ವಸ್ತುವಲ್ಲ. ನೋಡುವವನ ದೃಷ್ಟಿಯೂ ಅದರೊಳಗೆ ಸೇರಿದೆ ಎಂಬುದು ಇದರ ತಿರುಳು. ಒಂದು ಗ್ರಂಥಾಲಯವನ್ನೇ ತೆಗೆದುಕೊಳ್ಳಬಹುದು. ಸಂಶೋಧಕನಿಗೆ ಅದು ಪುಸ್ತಕಗಳನ್ನು ಕಾಪಿಡುವ ಏರ್ಪಾಡು. ನಿವೃತ್ತನಿಗೆ ಹಗಲು ಕಳೆಯುವ ತಾಣ. ಲೆಕ್ಕಪತ್ರದವನಿಗೆ ಪ್ರತಿವರ್ಷದ ವೆಚ್ಚ. ಒಬ್ಬೊಬ್ಬರ ದೃಷ್ಟಿಗೂ ಒಂದೊಂದು ನಕ್ಷೆಯನ್ನು ರಚಿಸಿ, ಅದನ್ನು ವಾಸ್ತವದೊಡನೆ ಹೋಲಿಸಿ, ಚರ್ಚೆಯ ಮೂಲಕ ಎಲ್ಲರೂ ಒಪ್ಪಬಹುದಾದ ಬದಲಾವಣೆಯನ್ನು ಕಂಡುಕೊಳ್ಳಬೇಕೆನ್ನುತ್ತದೆ ಈ ವಿಧಾನ. ಚರ್ಚೆಗೆ ಕುಳಿತವರ ಅಧಿಕಾರ ಸಮಾನವಲ್ಲವಲ್ಲ ಎಂಬ ಆಕ್ಷೇಪವೂ ಬಂದಿತು, ಅದು ತಳ್ಳಿಹಾಕುವಂಥದಲ್ಲ.

ಹಣ ಕೊಟ್ಟ ಉದ್ಯಮ ನಿರೀಕ್ಷಿಸಿದ್ದು ಬಹುಶಃ ಇದನ್ನಲ್ಲ. ಚೆಕ್‌ಲೆಂಡರು ಈ ಅನುಭವವನ್ನೆಲ್ಲ ೧೯೮೧ರಲ್ಲಿ ಗ್ರಂಥವಾಗಿಸಿದರು. ವಿಭಾಗದ ಹೆಸರಿನಿಂದ ‘ಇಂಜಿನಿಯರಿಂಗ್’ ಎಂಬ ಮಾತು ಕಳಚಿಹೋಯಿತು. ಮುಂದೆ ವಿಭಾಗವೂ ಸ್ವತಂತ್ರವಾಗಿ ಉಳಿಯದೆ ಅಲ್ಲಿಯ ಮ್ಯಾನೇಜ್‌ಮೆಂಟ್ ಶಾಲೆಯಲ್ಲಿ ಲೀನವಾಯಿತು.