ತಪ್ಪು ಕಲ್ಪನೆ: ಪೈಥಾನ್‌ನಿಂದ ಬೋರ್ಡ್ ನಡೆಯದು

ಮೈಕ್ರೊಕಂಟ್ರೋಲರ್ ಬೋರ್ಡಿಗೆ ಸಿ ಭಾಷೆಯೇ ಬೇಕು, ಪೈಥಾನ್ ಅಲ್ಲಿ ತೆವಳುತ್ತದೆ ಎನ್ನುವವರು ಇನ್ನೂ ಬಹಳ ಮಂದಿ ಇದ್ದಾರೆ. ಈ ನಂಬಿಕೆಗೆ ಬುಡವೇ ಇಲ್ಲವೆನ್ನಲಾಗದು. ಹೆಚ್ಚಿನವರು ಕಲಿತದ್ದು ಹಳೆಯ ಆರ್ಡುಯಿನೊ ಉನೊ ಮೇಲೆ. ಅದರ ರ‍್ಯಾಮ್ ಬರೀ 2 ಕೆಬಿ, ಅಷ್ಟರಲ್ಲಿ ಪೈಥಾನ್‌ಗೆ ಕಾಲೂರಲೂ ಜಾಗವಿಲ್ಲ. ಆದರೆ 2013ರಲ್ಲಿ ಡೇಮಿಯನ್ ಜಾರ್ಜ್ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಹಣ ಕೂಡಿಸಿ, ಸಣ್ಣ ಚಿಪ್‌ಗಳಿಗೆಂದೇ ಮೈಕ್ರೊಪೈಥಾನ್ ಎಂಬ ಪೈಥಾನ್ ರೂಪವನ್ನು ತಂದರು. 2021ರ ಜನವರಿಯಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊದಲ್ಲಿ 264 ಕೆಬಿ ರ‍್ಯಾಮ್ ಇದೆ. ಬೋರ್ಡು ಬದಲಾಯಿತು, ಮಾತು ಮಾತ್ರ ಹಳೆಯದೇ ಉಳಿಯಿತು.

ಇನ್ನು ವೇಗದ ವಿಚಾರ. ಪೈಥಾನ್ ಸಿ ಭಾಷೆಗಿಂತ ಹತ್ತಾರು ಪಟ್ಟು ನಿಧಾನ, ನಿಜ. ಆದರೆ ನಾಸಿಕದ ದ್ರಾಕ್ಷಿ ತೋಟದ ಹನಿ ನೀರಾವರಿಗೆ ಇಂಥ ಬೋರ್ಡ್ ಕೂರಿಸುತ್ತೇವೆ ಎನ್ನಿ. ಗಾಳಿಯ ತಾಪಮಾನ, ತೇವಾಂಶ ಅಳೆಯುವ ಅಗ್ಗದ ಡಿಎಚ್‌ಟಿ22 ಸೆನ್ಸರ್ ಹೊಸ ಅಳತೆ ಕೊಡುವುದೇ 2 ಸೆಕೆಂಡಿಗೊಮ್ಮೆ. ವಾಲ್ವ್ ತೆರೆಯುವುದು ಒಂದು ಸೆಕೆಂಡು ತಡವಾದರೆ ಬಳ್ಳಿಗೆ ಗೊತ್ತೂ ಆಗದು. ಯಾವ ಭಾಷೆಯಲ್ಲಿ ಬರೆದರೂ ಚಿಪ್ ಬಹುಪಾಲು ಹೊತ್ತು ಸುಮ್ಮನೆ ಕಾಯುತ್ತಿರುತ್ತದೆ.

ಮೈಕ್ರೊಸೆಕೆಂಡು ಲೆಕ್ಕದ ಕೆಲಸಕ್ಕೇನು ಗತಿ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಮೆಮೊರಿ ತೆರವು ಮಾಡಲು ಪೈಥಾನ್ ನಡುನಡುವೆ ನಿಲ್ಲುತ್ತದೆ, ಯಾವಾಗ ಎಂದು ಹೇಳಿಕೇಳಿ ನಿಲ್ಲುವುದಿಲ್ಲ. ಅದಕ್ಕಾಗಿಯೇ ಅಂಥ ಕೆಲಸವನ್ನು ಅದರ ಕೈಗೆ ಬಿಟ್ಟಿಲ್ಲ: ಡಿಎಚ್‌ಟಿ22 ಕಳಿಸುವ ವಿದ್ಯುತ್ ಮಿಡಿತ ಓದುವ ಭಾಗ ಮೈಕ್ರೊಪೈಥಾನ್ ಒಳಗೆ ಸಿ ಭಾಷೆಯಲ್ಲೇ ಇದೆ, ಪಿಕೊದಲ್ಲಿ ಇಂಥ ಸಂಕೇತಗಳಿಗೆ ಪಿಐಒ ಎಂಬ ಬೇರೆ ಸರ್ಕ್ಯೂಟೇ ಇದೆ. ಛತ್ರಪತಿ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶದ ತಗಡು ಒತ್ತುವ ಪ್ರೆಸ್ ಯಂತ್ರವನ್ನು ಮೈಕ್ರೊಪೈಥಾನ್‌ನಿಂದ ನಡೆಸಬಹುದೇ ಎಂದರೆ, ಕೂಡದು. ಹವ್ಯಾಸಿ ಬೋರ್ಡಿನ ಮೇಲೆ ಸಿ ಇದ್ದರೂ ಕೂಡದು. ಕಾರ್ಮಿಕರ ಕೈಬೆರಳು ಉಳಿಸುವ ಕೆಲಸಕ್ಕೆ ಪರೀಕ್ಷೆ ದಾಟಿದ ಸುರಕ್ಷತಾ ಉಪಕರಣಗಳೇ ಬೇಕು.

ನನಗೆ ಹೆಚ್ಚು ಅಪಾಯಕರವಾಗಿ ಕಾಣುವುದು ಮೊದಲು ಹೇಳಿದ ತಪ್ಪು ಕಲ್ಪನೆಗೆ ತದ್ವಿರುದ್ಧವಾದ ನಂಬಿಕೆ: ಆ ಹಳೆಯ ಉನೊ ಮೇಲೂ ಪೈಥಾನ್ ಓಡುತ್ತದೆ ಎಂಬುದು. ಓಡುವುದು ಲ್ಯಾಪ್‌ಟಾಪಿನಲ್ಲಿ. ಬೋರ್ಡಿನಲ್ಲಿರುವ ಫರ್ಮಾಟಾ ಎಂಬ ಪ್ರೋಗ್ರಾಂ ಯುಎಸ್‌ಬಿ ಕೇಬಲ್‌ನಿಂದ ಬಂದ ಆಜ್ಞೆಯನ್ನಷ್ಟೇ ಪಾಲಿಸುತ್ತದೆ. ರಾತ್ರಿ ಲ್ಯಾಪ್‌ಟಾಪ್ ನಿದ್ದೆಗೆ ಜಾರಿದರೆ ಮುಚ್ಚು ಎಂಬ ಆಜ್ಞೆ ಬರುವುದೇ ಇಲ್ಲ, ತೆರೆದ ವಾಲ್ವ್ ಬೆಳಗಿನವರೆಗೂ ತೆರೆದೇ ಇರಬಹುದು. ಭಾಷೆ ಯಾವುದೆಂದು ಜಗಳಕ್ಕಿಳಿಯುವ ಮುನ್ನ, ನಿಮ್ಮ ಪ್ರೋಗ್ರಾಂ ಓಡುತ್ತಿರುವುದು ಎಲ್ಲಿ ಎಂದು ಕೇಬಲ್ ಕಿತ್ತು ನೋಡಿ.